ಹಳೆ ಆಕ್ಟೇವಿಯಾ ಆರ್‌ಎಸ್‌ಗೆ ಶಾರ್ಟ್ ಶಿಫ್ಟರ್: ಆರಿಸಿದ್ದು, ಕೂರಿಸಿದ್ದು, ಮತ್ತೆ ಬಿಚ್ಚಿದ್ದು

ಗಾಡಿ 2006ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್. 1.8 ಲೀಟರ್ ಟರ್ಬೊ ಪೆಟ್ರೋಲ್, 150 ಪಿಎಸ್, 5 ಗೇರಿನ ಮ್ಯಾನ್ಯುವಲ್. ಗೇರ್‌ಬಾಕ್ಸ್ 02ಜೆ. ಆ ಕಾಲದ ಗಾಲ್ಫ್ ಮತ್ತು ಆಡಿ ಎ3ಯಲ್ಲೂ ಇದೇ ಬಾಕ್ಸ್ ಬರುತ್ತಿತ್ತು. ಹಾಗಾಗಿ ಹೊರದೇಶದಲ್ಲಿ ಇದಕ್ಕೆ ಶಾರ್ಟ್ ಶಿಫ್ಟರ್, ಅಂದರೆ ಗೇರ್ ಲಿವರಿನ ಓಡಾಟ ಕಮ್ಮಿ ಮಾಡುವ ಕಿಟ್‌ಗಳು ರಾಶಿ ಉಂಟು. ಆದರೆ ಕೈಯಲ್ಲಿ ಹಿಡಿದು, ಅಲ್ಲಾಡಿಸಿ ನೋಡಿ ತಗೊಳ್ಳೋಣ ಅಂದರೆ ಮಂಗಳೂರಿನಲ್ಲಿ ನನಗೆ ಅಂಥ ಅಂಗಡಿ ಸಿಗಲಿಲ್ಲ.

ಎಂಜಿನ್ ಈಗಲೂ ಗಟ್ಟಿಯಾಗಿದೆ. ತೊಂದರೆ ಲಿವರಿನಲ್ಲಿತ್ತು. ಘಾಟಿ ಹತ್ತುವಾಗ 3ರಿಂದ 2ಕ್ಕೆ ಇಳಿಸಲು ಹೋದರೆ ಎಷ್ಟೋ ಸಲ ಲಿವರ್ ಎಡಕ್ಕೆ ಪೂರ್ತಿ ಹೋಗದೆ 4ಕ್ಕೆ ಬಿದ್ದುಬಿಡುತ್ತಿತ್ತು. ತಿರುವಿನ ಮಧ್ಯೆ ಎಂಜಿನ್ ಸೊರಗಿ ನಿಲ್ಲುತ್ತಿತ್ತು. ಇದೇ ಗಾಡಿ ಇರುವವರಿಗೆ, ಅಥವಾ ಇಂಥದ್ದೇ ಕೇಬಲ್ ಶಿಫ್ಟರ್ ಇರುವವರಿಗೆ ಉಪಯೋಗ ಆಗಲಿ ಅಂತ ಎಲ್ಲವನ್ನೂ ಅಳತೆ, ಖರ್ಚಿನ ಸಮೇತ ಬರೆಯುತ್ತಿದ್ದೇನೆ.

ಫೆಬ್ರವರಿ 2025: ಮೊದಲು ಅಳತೆ

ಏನನ್ನೂ ಬಿಚ್ಚುವ ಮೊದಲು ಇರುವ ಸ್ಥಿತಿ ಅಳೆದೆ. ಲಿವರ್ ತುದಿಯ ನಾಬಿನ ನಡುವೆ ಒಂದು ಬಿಳಿ ಟೇಪ್ ಚುಕ್ಕೆ, ಪಕ್ಕದಲ್ಲಿ ಅಂಟಿಸಿದ ಸ್ಟೀಲ್ ಸ್ಕೇಲ್. ಎಳೆಯುವ ಬಲ ನೋಡಲು ವಿಮಾನದ ಲಗೇಜ್ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿ. ಎಂಜಿನ್ ಬಂದ್, ಕ್ಲಚ್ ಒತ್ತಿ ಹಿಡಿದು ಅಳತೆ.

3ರಿಂದ 4ಕ್ಕೆ ನಾಬ್ ಓಡುವ ದೂರ: 126 ಎಂಎಂ.
4ನೇ ಗೇರಿನಲ್ಲಿ ಲಿವರಿನ ಅಡ್ಡ ಪ್ಲೇ (ಗೇರ್ ಕದಲದೆ ಲಿವರ್ ಮಾತ್ರ ಅಲ್ಲಾಡುವ ಸಡಿಲು): 26 ಎಂಎಂ.
ಅದೇ ಗೇರಿನಲ್ಲಿ ಹಿಂದೆ-ಮುಂದಿನ ಪ್ಲೇ: 13 ಎಂಎಂ.
ನ್ಯೂಟ್ರಲ್‌ನಿಂದ 4ಕ್ಕೆ ಎಳೆಯಲು: 2.2 ಕೆಜಿ.

26 ಎಂಎಂ ಅಡ್ಡ ಪ್ಲೇ ನೋಡಿದ ಮೇಲೆ ಒಂದು ವಿಷಯ ಸ್ಪಷ್ಟವಾಯಿತು. ಹೀಗೇ ಬಿಟ್ಟು ಮೇಲಿನಿಂದ ಶಾರ್ಟ್ ಶಿಫ್ಟರ್ ಹಾಕಿದರೆ ಓಡಾಟ ಕಮ್ಮಿ ಆಗುತ್ತದೆ, ಪ್ಲೇ ಹಾಗೇ ಉಳಿಯುತ್ತದೆ. ಆಗ ಒಟ್ಟು ಓಡಾಟದಲ್ಲಿ ಪ್ಲೇಯ ಪಾಲು ಇನ್ನೂ ಜಾಸ್ತಿ. ಗೇರ್ ಹುಡುಕುವುದು ಕಷ್ಟವೇ ಆಗುತ್ತದೆ.

ಮಾರ್ಚ್: ಏನೇನು ಸಿಗುತ್ತದೆ

ಈ ಗಾಡಿಯಲ್ಲಿ ಲಿವರಿನಿಂದ ಗೇರ್‌ಬಾಕ್ಸಿಗೆ ಎರಡು ಕೇಬಲ್ ಹೋಗುತ್ತವೆ. ಒಂದು ಹಿಂದೆ-ಮುಂದೆ, ಇನ್ನೊಂದು ಎಡ-ಬಲ. ಗೇರ್‌ಬಾಕ್ಸಿನ ತಲೆ ಮೇಲೆ ಎರಡು ತೋಳುಗಳು. ಹಿಂದೆ-ಮುಂದಿನ ಕೇಬಲ್ ಹಿಡಿಯುವ ತೋಳಿಗೆ ಎರಕದ ದೊಡ್ಡ ತೂಕ ಜೋಡಿಸಿರುತ್ತಾರೆ. ಆ ತೂಕದ ಓಟವೇ ಗೇರನ್ನು ನುಣ್ಣಗೆ ಒಳಗೆ ತಳ್ಳುವುದು. ಎಡ-ಬಲದ ಕೇಬಲ್ ಹಿಡಿಯುವುದು ಒಂದು ಸಣ್ಣ ರಿಲೇ ಲಿವರ್. ಅದು ಶಾಫ್ಟನ್ನು ಮೇಲೆ-ಕೆಳಗೆ ಮಾಡಿ ಗೇರಿನ ಸಾಲು (1-2, 3-4 ಹೀಗೆ) ಆರಿಸುತ್ತದೆ.

ಹೀಗಿರುವಾಗ ಆಯ್ಕೆ ಮೂರು ಬಗೆ.

ಒಂದು, ಪೂರ್ತಿ ಶಿಫ್ಟರನ್ನೇ ಬದಲಿಸುವುದು. ಜರ್ಮನಿಯ ಸಿಎಇ ಕಂಪನಿಯ ಎತ್ತರದ ಶಿಫ್ಟರ್ ಈ ಜಾತಿಯದ್ದು. ನಾಬ್ ಸ್ಟೀರಿಂಗಿನ ಹತ್ತಿರಕ್ಕೆ ಬರುತ್ತದೆ. ರೇಸ್ ಗಾಡಿಗೆ ಅದಕ್ಕಿಂತ ಚಂದದ್ದು ಬೇಡ. ನಾನು ಈ ಗಾಡಿಯಲ್ಲಿ ದಿನಾ ಕೆಲಸಕ್ಕೆ ಹೋಗುತ್ತೇನೆ, ಅಮ್ಮನನ್ನು ಕೂರಿಸಿಕೊಂಡು ಉಡುಪಿಗೆ ಹೋಗುತ್ತೇನೆ. ಕನ್ಸೋಲ್ ಕತ್ತರಿಸಿ ಸದ್ದು ಒಳಗೆ ಕರೆದುಕೊಳ್ಳುವುದು ಬೇಡ ಅನಿಸಿತು. ಬೆಲೆಯೂ ನನ್ನ ಕೈಗೆ ಮೀರಿದ್ದು.

ಎರಡು, ತೂಕ ಇಲ್ಲದ ಬರೀ ಪಟ್ಟಿಯ ತೋಳು. ಅಗ್ಗ. ಗೇರ್‌ಬಾಕ್ಸಿನ ತೋಳು ಗಿಡ್ಡವಾದರೆ ಅಷ್ಟೇ ಕೇಬಲ್ ಎಳೆತಕ್ಕೆ ಶಾಫ್ಟ್ ಜಾಸ್ತಿ ತಿರುಗುತ್ತದೆ, ಓಡಾಟ ಕಮ್ಮಿ ಆಗುತ್ತದೆ. ಅಷ್ಟರಮಟ್ಟಿಗೆ ಸರಿ. ಆದರೆ ತೂಕ ಹೋದ ಮೇಲೆ ಪ್ರತಿ ಗೇರೂ ಕೈಗೆ ಬಡಿಯುತ್ತದೆ. ನಮ್ಮ ಕಡೆಯ ಇನ್ನೊಂದು ಆಕ್ಟೇವಿಯಾದಲ್ಲಿ ಇಂಥದ್ದು ಹಾಕಿದ್ದನ್ನು ಓಡಿಸಿ ನೋಡಿದ್ದೆ. ಟ್ರಾಫಿಕ್ಕಿನಲ್ಲಿ ಸಾಕುಸಾಕಾಗುತ್ತದೆ.

ಮೂರು, ತೂಕ ಸಮೇತ ಬರುವ ಗೇರ್‌ಬಾಕ್ಸ್ ಬದಿಯ ಕಿಟ್. ಅಮೆರಿಕದ ಡೀಸೆಲ್‌ಗೀಕ್ ಈ ಬಗೆಯಲ್ಲಿ ಹೆಸರು ಮಾಡಿದೆ. ನನಗೆ ಸಿಕ್ಕಿದ್ದು ಇದೇ ತತ್ವದ ಬೇರೆ ಕಿಟ್. ಬೆಂಗಳೂರಿನಲ್ಲಿ ಒಬ್ಬರು ತರಿಸಿಟ್ಟು, ಗಾಡಿ ಮಾರಿದ ಮೇಲೆ ಹಾಗೇ ಇಟ್ಟುಕೊಂಡಿದ್ದರು. ತೋಳಿನಲ್ಲಿ ಎರಡು ತೂತು. ಒಂದಕ್ಕೆ ಕೇಬಲ್ ಹಾಕಿದರೆ ಓಡಾಟ ಕಾಲು ಭಾಗ ಕಮ್ಮಿ, ಇನ್ನೊಂದಕ್ಕೆ ಹಾಕಿದರೆ ಮೂರನೇ ಒಂದಕ್ಕಿಂತ ಸ್ವಲ್ಪ ಜಾಸ್ತಿ ಕಮ್ಮಿ. ₹14,000ಕ್ಕೆ ಮಾತು ಮುಗಿಯಿತು. ಬಸ್ ಪಾರ್ಸೆಲ್ಲಿನಲ್ಲಿ ಬಂತು.

ಕಿಟ್ ಬಂದರೂ ಕೂರಿಸಲಿಲ್ಲ. ಮೊದಲು ಪ್ಲೇ ತೆಗೆಯಬೇಕಿತ್ತು.

ಏಪ್ರಿಲ್: ಬುಷ್

ಬ್ಯಾಟರಿ, ಅದರ ಟ್ರೇ ತೆಗೆದರೆ ಗೇರ್‌ಬಾಕ್ಸಿನ ತಲೆ ಕಾಣುತ್ತದೆ. ಸುರತ್ಕಲ್‌ನಲ್ಲಿ ನಮ್ಮ ಮನೆಯಿಂದ ಸಮುದ್ರ ದೂರ ಇಲ್ಲ. ರಿಲೇ ಲಿವರಿನ ಪಿನ್ ಮೇಲೆ ಇಟ್ಟಿಗೆ ಬಣ್ಣದ ತುಕ್ಕು ಪುಡಿ ಕೂತಿತ್ತು. ಪಿನ್ ಹೊರಗೆ ಎಳೆದರೆ ಒಂದು ಬದಿ ಮಾತ್ರ ಹೊಳೆಯುತ್ತಿತ್ತು, ಉಗುರು ಆಡಿಸಿದರೆ ಮೆಟ್ಟಿಲು ಸಿಗುತ್ತಿತ್ತು. ಪಿನ್ ಸುತ್ತ ಕೂರುವ ಪ್ಲಾಸ್ಟಿಕ್ ಬುಷ್ ಒಂದು ಕಡೆ ಕಾಗದದಷ್ಟು ತೆಳು. ರಿಲೇ ಲಿವರಿನ ತುದಿಯ ಪುಟ್ಟ ಪ್ಲಾಸ್ಟಿಕ್ ಜಾರುಗಟ್ಟಿಯೂ ಸವೆದು ಅದರ ಮೂಲೆಗಳು ಹೋಗಿದ್ದವು. 26 ಎಂಎಂ ಪ್ಲೇಯ ಬಹುಪಾಲು ಇಲ್ಲೇ ಕೂತಿತ್ತು.

ಜಾರುಗಟ್ಟಿ ಆನ್‌ಲೈನ್‌ನಲ್ಲಿ ₹650ಕ್ಕೆ ಸಿಕ್ಕಿತು. ಬುಷ್‌ಗಳು ಬಿಡಿಯಾಗಿ ಸಿಗಲಿಲ್ಲ. ಬೈಕಂಪಾಡಿಯ ಒಂದು ಲೇತ್ ವರ್ಕ್ಸ್‌ಗೆ ಹೋಗಿ ತಿರುಗಿಸಿಕೊಡಲು ಕೇಳಿದೆ. ಅವರ ಹತ್ತಿರ ಇದ್ದದ್ದು ನೈಲಾನ್ ರಾಡ್. ಹೊರಗೆ ಬಿಗಿ ಫಿಟ್, ಒಳಗೆ 0.05 ಎಂಎಂ ಸಡಿಲ. ಹೊಸ ಪಿನ್ ಸೇರಿ ₹1,800. ಕೆಲಸ ಅಚ್ಚುಕಟ್ಟು.

ಜೋಡಿಸಿ ಅಳೆದರೆ ಅಡ್ಡ ಪ್ಲೇ 10 ಎಂಎಂ, ಹಿಂದೆ-ಮುಂದೆ 5. ಗಾಡಿ ಕೈಗೆ ಬಂದ ಹಾಗಾಯಿತು. 3ರಿಂದ 2ಕ್ಕೆ ತಪ್ಪುವುದು ಅಲ್ಲಿಗೇ ನಿಂತಿತು.

ಅದೇ ಹೊತ್ತಿಗೆ ಎಂಜಿನ್ ತೂಗದಂತೆ ಕೆಳಗಿನಿಂದ ಹಿಡಿಯುವ ಪೆಂಡುಲಮ್ ಮೌಂಟ್ ನೋಡಿದೆ. ರಬ್ಬರ್ ಹರಿದಿತ್ತು. ಎಂಜಿನ್ ಮುಂದೆ-ಹಿಂದೆ ತೂಗಿದರೆ ಕೇಬಲ್ ಇದ್ದರೂ ಗೇರಿಗೆ ತೊಂದರೆಯೇ. ಹೊಸ ಮೌಂಟ್ ₹3,400. ಇದರ ಬೋಲ್ಟ್‌ಗಳನ್ನು ಮರುಬಳಕೆ ಮಾಡಬೇಡಿ. ಬಿಗಿ ಮಾಡುವಾಗ ಹಿಗ್ಗುವ ಜಾತಿಯವು, ಹೊಸದೇ ಹಾಕಬೇಕು.

ಗೇರ್ ಆಯಿಲ್ ಕೂಡ ಆಗಲೇ ಬದಲಿಸಿದೆ. ಸುಮಾರು 2 ಲೀಟರ್, ಮಂದತೆ 75ಡಬ್ಲ್ಯು-90, ದರ್ಜೆ ಜಿಎಲ್-4. ಅಂಗಡಿಯಲ್ಲಿ ಜಿಎಲ್-5 ಕೊಟ್ಟು ಎರಡೂ ಒಂದೇ ಅನ್ನುತ್ತಾರೆ, ಕೇಳಬೇಡಿ. ಈ ಬಾಕ್ಸಿಗೆ ಹೇಳಿರುವುದು ಜಿಎಲ್-4. ಫಿಲ್ಲರ್ ಪ್ಲಗ್ಗಿಗೆ 17 ಎಂಎಂ ಅಲೆನ್ ಕೀ ಬೇಕು. ಮತ್ತು ಯಾವಾಗಲೂ ಫಿಲ್ಲರ್ ಮೊದಲು ಬಿಚ್ಚಿ, ಆಮೇಲೆ ಡ್ರೈನ್. ಆಯಿಲ್ ಖಾಲಿ ಮಾಡಿದ ಮೇಲೆ ಫಿಲ್ಲರ್ ಅಲುಗದಿದ್ದರೆ ಗಾಡಿ ಅಲ್ಲೇ ನಿಲ್ಲುತ್ತದೆ.

ಜುಲೈ: ಮಳೆ ಬಂದ ಮೇಲೆ

ಜೂನ್ ಕೊನೆಗೆ ಲಿವರ್ ಬಿಗಿಯಾಗತೊಡಗಿತು. ಜುಲೈ ಹೊತ್ತಿಗೆ ಹೊಸ ಲಕ್ಷಣ. 5ರಿಂದ ನ್ಯೂಟ್ರಲ್‌ಗೆ ತಂದು ಕೈ ಬಿಟ್ಟರೆ ಲಿವರ್ ತಾನಾಗಿ 3-4ರ ಸಾಲಿಗೆ ಬರಬೇಕು. ಒಳಗಿನ ಸ್ಪ್ರಿಂಗ್ ಮಾಡುವ ಕೆಲಸ ಅದು. ಬರಲಿಲ್ಲ. ಬಲಕ್ಕೇ ನಿಂತಿತು.

ಬಿಚ್ಚಿ ನೋಡಿದರೆ ರಿಲೇ ಲಿವರ್ ಪಿನ್ನಿನ ಮೇಲೆ ಕಚ್ಚಿಕೊಂಡಿತ್ತು. ತುಕ್ಕಲ್ಲ, ಹೊಸ ಪಿನ್. ಬೆರಳಲ್ಲಿ ತಿರುಗುತ್ತಿದ್ದ ಬುಷ್ ಈಗ ಇಕ್ಕಳ ಹಾಕಿದರೂ ತಿರುಗಲ್ಲ.

ಲೇತ್‌ನವರ ಹತ್ತಿರ ತಗೊಂಡು ಹೋದೆ. ಅವರು ಒಂದೇ ನೋಟಕ್ಕೆ ಹೇಳಿದರು: "ಇದು ನೀರು ಕುಡಿದದ್ದು ಮಾರಾಯ್ರೆ. ನೈಲಾನ್ ಅಲ್ವಾ? ಬೋಟಿನವರಿಗೆ ನಾವು ಇದರಲ್ಲಿ ಮಾಡಿಕೊಡುವಾಗ ಜಾಸ್ತಿ ಲೂಸ್ ಇಡ್ತೇವೆ. ನಿಮ್ಮದು ಕಾರಿನ ಒಳಗೆ, ನೀರು ತಾಗುದಿಲ್ಲ ಅಂತ ಟೈಟ್ ಮಾಡಿದ್ದು."

ನೀರು ತಾಗಬೇಕು ಅಂತಲೇ ಇಲ್ಲ. ನೈಲಾನ್ ಗಾಳಿಯಲ್ಲಿರುವ ತೇವವನ್ನೇ ಹೀರಿ ಉಬ್ಬುತ್ತದೆ. ಕರಾವಳಿಯ ಮಳೆಗಾಲದಲ್ಲಿ ತಿಂಗಳುಗಟ್ಟಲೆ ತೇವ. ಬುಷ್‌ನ ಹೊರಮೈಯನ್ನು ಅಲ್ಯುಮಿನಿಯಂ ತೋಳು ಬಿಗಿಯಾಗಿ ಹಿಡಿದಿದೆ, ಹೊರಕ್ಕೆ ಉಬ್ಬಲು ಜಾಗ ಇಲ್ಲ. ಹಾಗಾಗಿ ಒಳಕ್ಕೆ ಉಬ್ಬಿ ತೂತನ್ನೇ ಕಿರಿದು ಮಾಡಿತು. 0.05 ಎಂಎಂ ಎಲ್ಲಿ ಸಾಕಾಗುತ್ತದೆ?

ಹಿತ್ತಾಳೆ ಅಥವಾ ಕಂಚಿನ ಬುಷ್ ಹಾಕೋಣವಾ ಅಂತ ಮಾತಾಯಿತು. ಅಂಥ ರೆಡಿಮೇಡ್ ಬುಷ್‌ಗಳೂ ಮಾರ್ಕೆಟ್ಟಿನಲ್ಲಿವೆ, ಹೊಗಳುವವರೂ ತುಂಬಾ ಇದ್ದಾರೆ. ನಾನು ಬೇಡ ಅಂದೆ. ಒಂದು, ಗೇರ್‌ಬಾಕ್ಸಿನ ನಡುಕ ನೇರ ಲಿವರಿಗೆ ಬಂದು ಝಿರ್ ಅನ್ನುತ್ತದೆ. ಎರಡು, ಉಪ್ಪು ಗಾಳಿಯಲ್ಲಿ ಅಲ್ಯುಮಿನಿಯಂಗೆ ಕಂಚು ತಾಗಿದಲ್ಲಿ ಅಲ್ಯುಮಿನಿಯಂ ಬೇಗ ತಿಂದುಹೋಗುತ್ತದೆ. ಘಟ್ಟದ ಮೇಲಿನ ಊರಿನಲ್ಲಿ ನಡೆದೀತು. ಸುರತ್ಕಲ್, ಮಲ್ಪೆ, ಉಳ್ಳಾಲದಂಥ ಕಡೆ ನಾನಂತೂ ಹಾಕುವುದಿಲ್ಲ.

ಕೊನೆಗೆ ಡೆಲ್ರಿನ್ ಅನ್ನುವ ಗಟ್ಟಿ ಪ್ಲಾಸ್ಟಿಕ್. ಇದು ತೇವ ಹೀರುವುದು ತೀರಾ ಕಮ್ಮಿ, ಜಾರುವ ಗುಣ ಜಾಸ್ತಿ. ರಾಡ್ ತರಿಸಲು ಸ್ವಲ್ಪ ಕಾಯಬೇಕಾಯಿತು. ಒಳಗೆ 0.1 ಎಂಎಂ ಸಡಿಲ ಇಟ್ಟು ತಿರುಗಿಸಿದರು. ₹1,500. ಪಿನ್ನಿಗೆ 400 ನಂಬರ್ ಎಮರಿ ಕಾಗದ ಹೊಡೆದು, ನೀರು ತಡೆಯುವ ಗ್ರೀಸ್ ಹಚ್ಚಿ ಕೂರಿಸಿದೆ. ಅಡ್ಡ ಪ್ಲೇ 11 ಎಂಎಂ. ನೈಲಾನ್‌ಗಿಂತ ಒಂದು ಎಂಎಂ ಜಾಸ್ತಿ, ಆದರೆ ಲಿವರ್ ಕೈ ಬಿಟ್ಟ ತಕ್ಷಣ ಟಕ್ಕನೆ ನಡುವಿಗೆ ಬರುತ್ತದೆ. ಮಳೆ ಜೋರು ಇದ್ದಾಗಲೂ.

ಪ್ಲೇ ಹೋದದ್ದರಿಂದ 3-4ರ ಓಡಾಟ 126ರಿಂದ 119 ಎಂಎಂಗೆ ಇಳಿಯಿತು. ಎಳೆತ 2.0 ಕೆಜಿ. ಶಾರ್ಟ್ ಶಿಫ್ಟರ್ ಬೇಕು ಅನ್ನುವ ಹತ್ತು ಮಂದಿಯಲ್ಲಿ ಹೆಚ್ಚಿನವರಿಗೆ ಇಷ್ಟೇ ಸಾಕು ಅಂತ ನನ್ನ ನಂಬಿಕೆ. ಇಲ್ಲಿವರೆಗೆ ಮಾಡಿ, ಒಂದು ತಿಂಗಳು ಓಡಿಸಿ, ಆಮೇಲೆ ಕಿಟ್ಟಿನ ಯೋಚನೆ ಮಾಡಿ. ನನಗೆ ಘಾಟಿಯಲ್ಲಿ ಕೈ ಬೇಗ ಸ್ಟೀರಿಂಗಿಗೆ ವಾಪಸ್ ಬರಬೇಕಿತ್ತು, ಹಾಗಾಗಿ ಮುಂದುವರಿದೆ.

ಸೆಪ್ಟೆಂಬರ್: ಕಿಟ್ ಕೂರಿಸಿದ್ದು

ಬೇಕಾದ ಸಾಮಾನು: 10 ಮತ್ತು 13 ಎಂಎಂ ಸಾಕೆಟ್, ಸರ್ಕ್ಲಿಪ್ ಪ್ಲಯರ್, ಟಾರ್ಕ್ ವ್ರೆಂಚ್, ಬಿಳಿ ಪೇಂಟ್ ಪೆನ್, ಸುಮಾರು 4.5 ಎಂಎಂ ಡ್ರಿಲ್ ಬಿಟ್, ಮಕ್ಕಳು ಆಡುವ ಬಣ್ಣದ ಜೇಡಿ.

1. ಬ್ಯಾಟರಿಯ ನೆಗೆಟಿವ್ ಮೊದಲು. ಆಮೇಲೆ ಬ್ಯಾಟರಿ, ಟ್ರೇ.

2. ಗೇರ್ ನ್ಯೂಟ್ರಲ್‌ನಲ್ಲಿ. ಹಳೆ ತೋಳು ಮತ್ತು ಶಾಫ್ಟ್ ಸೇರುವಲ್ಲಿ ಪೇಂಟ್ ಗೆರೆ ಎಳೆದುಕೊಳ್ಳಿ.

3. ಕೇಬಲ್ ತುದಿಯ ಕ್ಲಿಪ್ ತೆಗೆದು ಕೇಬಲ್ ಬಿಡಿಸಿ. ಕ್ಲಿಪ್ ಹಾರಿದರೆ ಕೆಳಗಿನ ಪ್ಲಾಸ್ಟಿಕ್ ಮುಚ್ಚಳದ ಒಳಗೆ ಬೀಳುತ್ತದೆ. ಕೆಳಗೆ ಒಂದು ಹಳೆ ಬಟ್ಟೆ ತುರುಕಿಟ್ಟರೆ ಹುಡುಕುವ ಕೆಲಸ ಇಲ್ಲ.

4. ನಟ್ ಬಿಚ್ಚಿ ಹಳೆ ತೋಳು ಮೇಲಕ್ಕೆ ಎಳೆಯಿರಿ. ಸುತ್ತಿಗೆ ಬೇಡ. ಆ ಶಾಫ್ಟ್ ನೇರ ಗೇರ್‌ಬಾಕ್ಸಿನ ಒಳಗೆ ಹೋಗುತ್ತದೆ. ಅಲುಗದಿದ್ದರೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿ ಬಿಟ್ಟುಬಿಡಿ.

5. ಹೊಸ ತೋಳು ಗೆರೆಗೆ ಸರಿಯಾಗಿ ಕೂರಿಸಿ, ರಿಪೇರಿ ಮ್ಯಾನ್ಯುವಲ್‌ನಲ್ಲಿ ಹೇಳಿದ ಟಾರ್ಕಿಗೆ ನಟ್ ಬಿಗಿ ಮಾಡಿ.

ಇಲ್ಲಿ ಒಂದು ಅಡ್ಡಿ. ಹೊಸ ತೋಳಿನ ತೂಕ ಹಳೆಯದಕ್ಕಿಂತ ದಪ್ಪ. ಬ್ಯಾಟರಿ ಟ್ರೇ ಅಂಚಿಗೆ ತಾಗುತ್ತದೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಟ್ರೇಯ ಅಡಿಗೆ ಜೇಡಿಯ ಒಂದು ಉಂಡೆ ಅಂಟಿಸಿ, ಟ್ರೇ ವಾಪಸ್ ಬಿಗಿದು, ಒಳಗಿನಿಂದ ಎಲ್ಲ ಗೇರೂ ಹಾಕಿ ತೆಗೆದೆ. ಬಿಚ್ಚಿ ನೋಡಿದರೆ ಜೇಡಿ ಒತ್ತಿ ಉಳಿದಿದ್ದು 4 ಎಂಎಂ. ನಿಂತ ಗಾಡಿಯಲ್ಲಿ ಅದು ಜಾಗವೇ. ಆದರೆ ಓಡುವಾಗ ಎಂಜಿನ್ ಮೌಂಟಿನ ಮೇಲೆ ತೂಗುತ್ತದೆ, ಟ್ರೇ ಬಾಡಿಗೆ ಬಿಗಿದಿರುತ್ತದೆ. 4 ಎಂಎಂ ಸಾಲದು. ಟ್ರೇಯ ಅಡಿ ಅಂಚನ್ನು ಅರದಿಂದ ಉಜ್ಜಿ 10 ಎಂಎಂ ಮಾಡಿ, ಉಜ್ಜಿದ ಜಾಗಕ್ಕೆ ಪ್ರೈಮರ್ ಮತ್ತು ಪೇಂಟ್ ಹೊಡೆದೆ. ಈ ಊರಿನಲ್ಲಿ ಬರೀ ಕಬ್ಬಿಣ ಬಿಟ್ಟರೆ ಒಂದೇ ಮಳೆಗಾಲ ಸಾಕು.

6. ಕೇಬಲ್ ಹೊಂದಿಸುವುದು. ಇಡೀ ಕೆಲಸದ ಜೀವ ಇದೇ. ಎರಡೂ ಕೇಬಲ್ ತುದಿಯಲ್ಲಿ ಸ್ಪ್ರಿಂಗ್ ಇರುವ ಕಾಲರ್ ಉಂಟು. ಅದನ್ನು ಮುಂದಕ್ಕೆ ಎಳೆದು ತಿರುಗಿಸಿದರೆ ಹಾಗೇ ನಿಲ್ಲುತ್ತದೆ, ಕೇಬಲ್ ಸಡಿಲವಾಗುತ್ತದೆ. ಈಗ ಗೇರ್‌ಬಾಕ್ಸಿನ ಶಾಫ್ಟನ್ನು ಕೆಳಕ್ಕೆ ಒತ್ತಿ ಹಿಡಿದು, ಪಕ್ಕದ ಬಾಗಿದ ಕಡ್ಡಿಯನ್ನು ತಿರುಗಿಸಿ ಲಾಕ್ ಮಾಡಿ. ಕಾರಿನ ಒಳಗೆ ಲಿವರಿನ ಬುಡದ ಹೊದಿಕೆ (ಗೇಟರ್) ಎತ್ತಿ, ಲಿವರನ್ನು ನ್ಯೂಟ್ರಲ್‌ನಲ್ಲೇ ಎಡಕ್ಕೆ, 1-2ರ ಸಾಲಿಗೆ ತಂದು, ಲಿವರಿನ ತೂತು ಮತ್ತು ಕೆಳಗಿನ ತೂತು ಸೇರಿಸಿ ಡ್ರಿಲ್ ಬಿಟ್ ಇಳಿಸಿ. ಎರಡೂ ಕಡೆ ಲಾಕ್ ಆದ ಮೇಲೆ ಕಾಲರ್‌ಗಳನ್ನು ಬಿಡಿ, ತಾವೇ ಕಚ್ಚಿಕೊಳ್ಳುತ್ತವೆ. ಆಮೇಲೆ ಡ್ರಿಲ್ ಬಿಟ್ ತೆಗೆದು ಕಡ್ಡಿಯ ಲಾಕ್ ಬಿಡಿಸಿ.

ಕಾಲರ್ ಬಿಡುವಾಗ ಕೇಬಲನ್ನು ಕೈಯಲ್ಲಿ ಎಳೆದು ಹಿಡಿಯಬೇಡಿ. ಅದು ತಾನಾಗಿ ನಿಂತ ಜಾಗದಲ್ಲೇ ಕಚ್ಚಬೇಕು.

ಎಡ-ಬಲದ ತೋಳನ್ನು ಗಿಡ್ಡ ಮಾಡುವ ಭಾಗವೂ ಕಿಟ್ಟಿನಲ್ಲಿತ್ತು. ಅದನ್ನು ಹಾಕಲಿಲ್ಲ, ಹಾಕುವುದೂ ಇಲ್ಲ. ಸಾಲುಗಳ ನಡುವಿನ ಅಂತರ ಕಿರಿದಾದರೆ ಅವಸರದಲ್ಲಿ ಸಾಲು ತಪ್ಪುವುದು ಸುಲಭ. 3ರಲ್ಲಿ ಕೆಂಪು ಗೆರೆವರೆಗೆ ಓಡಿಸಿ 4ಕ್ಕೆ ಅಂತ ಎಳೆದದ್ದು 2ಕ್ಕೆ ಬಿದ್ದರೆ, ಕ್ಲಚ್ ಬಿಟ್ಟ ಕೂಡಲೇ ಚಕ್ರಗಳೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತವೆ. ವಾಲ್ವ್ ಬಾಗುವುದು ಹೀಗೆಯೇ. ಅಲ್ಲಿ ಉಳಿಯುವ ಒಂದೆರಡು ಸೆಂಟಿಮೀಟರಿಗೆ ಎಂಜಿನ್ ಪಣಕ್ಕಿಡುವುದು ಸರಿಯಲ್ಲ.

ಯಾವ ತೂತು?

ಮೊದಲು ಹೆಚ್ಚು ಗಿಡ್ಡ ಮಾಡುವ ತೂತಿಗೆ ಹಾಕಿದ್ದೆ. 3-4ರ ಓಡಾಟ 77 ಎಂಎಂ. ನಿಂತ ಗಾಡಿಯಲ್ಲಿ ಆಡಿಸಿದರೆ ಮುದ್ದಾಗಿತ್ತು. ಎಳೆತ 3.1 ಕೆಜಿ. ಇದು ಲೆಕ್ಕಕ್ಕೆ ಸರಿಯಾಗಿಯೇ ಇದೆ: ದೂರ ಎಷ್ಟು ಕಮ್ಮಿ ಆಗುತ್ತದೋ ಬಲ ಅಷ್ಟೇ ಪಟ್ಟಿನಲ್ಲಿ ಜಾಸ್ತಿ ಬೇಕು. ಕಿಟ್ ಮಾರುವವರು ದೂರದ ಲೆಕ್ಕ ಮಾತ್ರ ಹೇಳುತ್ತಾರೆ.

ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ 1ರಿಂದ 2ಕ್ಕೆ ಕರ್ ಅಂದಿತು. ಕೈ ಬೇಗ ಎಳೆದುಬಿಡುತ್ತದೆ, ಗೇರ್‌ಬಾಕ್ಸಿನ ಒಳಗಿನ ಸಿಂಕ್ರೊ ರಿಂಗಿಗೆ ಶಾಫ್ಟ್ ಮತ್ತು ಗೇರಿನ ವೇಗ ಸರಿಹೊಂದಿಸಲು ಸಮಯ ಸಿಗುವುದಿಲ್ಲ. ಹೊಸ ಬಾಕ್ಸ್ ತಡೆದುಕೊಂಡೀತು. ಇದು ಹತ್ತೊಂಬತ್ತು ವರ್ಷ ಓಡಿದ್ದು. ಕೊಟ್ಟಾರ ಚೌಕಿಯಿಂದ ಕೂಳೂರಿಗೆ ಸಂಜೆಯ ಟ್ರಾಫಿಕ್ಕಿನಲ್ಲಿ 1-2, 2-1 ಮಾಡುತ್ತಾ ಬಂದರೆ ಭುಜ ನೋವು ಬೇರೆ.

ಬಿಚ್ಚಿ ಕಾಲು ಭಾಗ ಕಮ್ಮಿ ಮಾಡುವ ತೂತಿಗೆ ಬದಲಿಸಿದೆ. ಕೇಬಲ್ ಮತ್ತೆ ಮೊದಲಿನಿಂದ ಹೊಂದಿಸಬೇಕು, ಬಿಡುವ ಹಾಗಿಲ್ಲ. ಈಗ 89 ಎಂಎಂ, 2.7 ಕೆಜಿ. ಕರ್ ಸದ್ದು ನಿಂತಿತು.

ನಾಬ್ ಬಗ್ಗೆ ಒಂದು ಮಾತು. ಭಾರದ ಸ್ಟೀಲ್ ನಾಬ್ ಹಾಕಿದರೆ ಎಳೆತ ಹಗುರ ಅನಿಸುವುದು ನಿಜ. ಸ್ನೇಹಿತರೊಬ್ಬರದ್ದು ಹಾಕಿ ನೋಡಿದೆ. ಬಿಸಿಲಲ್ಲಿ ನಿಲ್ಲಿಸಿ ಬಂದರೆ ಮುಟ್ಟಲಾಗುವುದಿಲ್ಲ. ಈ ಲಿವರಿನ ತುದಿಗೆ ಸ್ಕ್ರೂ ಥ್ರೆಡ್ಡೂ ಇಲ್ಲ, ನಯವಾದ ಕಡ್ಡಿ. ಸಣ್ಣ ಸ್ಕ್ರೂಗಳಿಂದ ಹಿಡಿಸಬೇಕು, ರಿವರ್ಸಿಗೆ ಕೆಳಕ್ಕೆ ಒತ್ತಿ ಒತ್ತಿ ಅದು ಸಡಿಲ ಆಗುತ್ತದೆ. ಕಂಪನಿಯ ಚರ್ಮದ ನಾಬನ್ನೇ ವಾಪಸ್ ಹಾಕಿದೆ.

ನವೆಂಬರ್: ಆಗುಂಬೆ

ಉಡುಪಿ, ಹೆಬ್ರಿ, ಸೋಮೇಶ್ವರ, ಅಲ್ಲಿಂದ ಘಾಟಿ. 14 ಹೇರ್‌ಪಿನ್ ತಿರುವು. ದಾರಿ ಕಿರಿದು, ಎದುರಿನಿಂದ ಮಿನಿ ಬಸ್ ಬರುತ್ತದೆ, ತಿರುವಿನಲ್ಲಿ ಮಂಗಗಳಿರುತ್ತವೆ. ವೇಗ ನೋಡುವ ಜಾಗ ಅಲ್ಲ. ಆದರೆ 3ರಿಂದ 2, 2ರಿಂದ 3, ಇದನ್ನು ಮತ್ತೆ ಮತ್ತೆ, ಬಿಸಿ ಎಂಜಿನ್ನಿನಲ್ಲಿ, ಬಾಡಿ ಒಂದು ಕಡೆಗೆ ವಾಲಿದಾಗ ಪರೀಕ್ಷಿಸಲು ನಮ್ಮ ಹತ್ತಿರದಲ್ಲಿ ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಹತ್ತುವಾಗ ಒಂದು ಸಲವೂ 4ಕ್ಕೆ ತಪ್ಪಲಿಲ್ಲ. ಕೈ ನಾಬಿನಿಂದ ಸ್ಟೀರಿಂಗಿಗೆ ತಿರುವು ಶುರುವಾಗುವ ಮೊದಲೇ ಬರುತ್ತದೆ. ನನಗೆ ಬೇಕಿದ್ದದ್ದು ಅದೇ. ಇಳಿಯುವಾಗ 2ರಲ್ಲಿ ಎಂಜಿನ್ ಬ್ರೇಕಿಂಗ್ ಮೇಲೆ ಬಂದೆ, ಆಗ ಲಿವರ್ ಸಣ್ಣಗೆ ನಡುಗುತ್ತಿತ್ತು. ಮೇಲೆ ಆಗುಂಬೆಯಲ್ಲಿ ಚಹಾ ಕುಡಿದು ಬಾನೆಟ್ ಎತ್ತಿ ನೋಡಿದಾಗ ಏನೂ ತಾಗಿದ ಗುರುತು ಇರಲಿಲ್ಲ. ಮನೆಗೆ ಬಂದು ಹುಡುಕಿದರೆ, ಕೇಬಲ್‌ಗಳ ಹೊರಕವಚ ಹಿಡಿಯುವ ಬ್ರಾಕೆಟ್ಟಿನ ರಬ್ಬರ್ ಗಟ್ಟಿಯಾಗಿ ಬಿರುಕು ಬಿಟ್ಟಿತ್ತು. ಉಳಿದ ಹಿಂದೆ-ಮುಂದಿನ ಪ್ಲೇಯಲ್ಲಿ ಇದರದ್ದೂ ಪಾಲಿರಬೇಕು. ಬುಷ್ ಬದಲಿಸುವವರು ಈ ರಬ್ಬರನ್ನೂ ಆಗಲೇ ಒತ್ತಿ ನೋಡಿ, ಎರಡು ಸಲ ಬ್ಯಾಟರಿ ಇಳಿಸುವುದು ತಪ್ಪುತ್ತದೆ.

ಖರ್ಚು

ಕಿಟ್ 14,000, ಪಾರ್ಸೆಲ್ 300. ಜಾರುಗಟ್ಟಿ 650. ನೈಲಾನ್ ಬುಷ್ ಮತ್ತು ಪಿನ್ 1,800, ಡೆಲ್ರಿನ್ ಬುಷ್ 1,500. ಪೆಂಡುಲಮ್ ಮೌಂಟ್ 3,400, ಬೋಲ್ಟ್ 450. ಗೇರ್ ಆಯಿಲ್ 2,600. ಗ್ರೀಸ್, ಪೇಂಟ್, ಎಮರಿ ಎಲ್ಲ ಸೇರಿ 500. ಒಟ್ಟು ₹25,200. ಇದರಲ್ಲಿ ಕಿಟ್ ಮತ್ತು ಪಾರ್ಸೆಲ್ ಬಿಟ್ಟರೆ 10,900. ಗೇರ್ ತಪ್ಪುವ ಕಾಯಿಲೆ ವಾಸಿಯಾದದ್ದು ಆ 10,900ರಲ್ಲೇ.

ಬ್ರಾಕೆಟ್ ರಬ್ಬರಿಗೆ ಆರ್ಡರ್ ಹಾಕಿದ್ದೇನೆ. ಅದು ಬಂದ ಮೇಲೆ ಟ್ರೇ ತೆಗೆದಾಗ ಡೆಲ್ರಿನ್ ಬುಷ್‌ನ ಪ್ಲೇ ಮತ್ತು ಅರ ಉಜ್ಜಿದ ಅಂಚಿನ ಪೇಂಟ್ ಎರಡನ್ನೂ ನೋಡಿ ಅಳತೆ ಇಲ್ಲೇ ಸೇರಿಸುತ್ತೇನೆ.